ಮೊಗ್ಗು ದುಬೈ ತಲುಪುವವರೆಗೆ

ಬೆಳಗಿನ ಐದೂಮುಕ್ಕಾಲು. 2007ರ ಮೇ ತಿಂಗಳು. ಹಿರಿಯೂರಿನ ಹೊರಗೆ, ಮಲ್ಲಿಗೆ ತೋಟದ ಶೆಡ್ಡಿನಲ್ಲಿ ಜಯಕ್ಕ ಡಬ್ಬಿಗೆ ಟೇಪು ಬಿಗಿಯುತ್ತಿದ್ದಾರೆ. ಒಳಗೆ ನಾಲ್ಕು ಕೆ.ಜಿ. ಮೊಗ್ಗು, ಅಳೆದು ಇಟ್ಟ ಐಸು. ಇವತ್ತು ರಾತ್ರಿ ದುಬೈಯಲ್ಲಿ ಆರತಕ್ಷತೆ. ಮೊಗ್ಗು ಮದುಮಗಳ ಮುಡಿಯಲ್ಲಿ ಅರಳಬೇಕು, ದಾರಿಯಲ್ಲಲ್ಲ.

ಅಷ್ಟರಲ್ಲಿ ಫೋನು ಬರುತ್ತದೆ. ಮಧ್ಯಾಹ್ನ ಎರಡರ ವಿಮಾನ ನಾಲ್ಕಕ್ಕಂತೆ.

ಕಟ್ಟಿದ್ದನ್ನೇ ಕಳಿಸೋಣ ಎನ್ನುತ್ತಾರೆ ಹೂವಿನ ವ್ಯಾಪಾರಿ ಶಿವಕುಮಾರಪ್ಪ. ಜಯಕ್ಕ ಒಪ್ಪುವುದಿಲ್ಲ. ಹೋದ ವರ್ಷದ ಪೆಟ್ಟು ಅವರಿಗೆ ಇನ್ನೂ ಮಾಸಿಲ್ಲ.

ಆಗ ವಿಮಾನದ ಬುಕಿಂಗ್ ಕಾಗದದಲ್ಲಿ ಎರಡಕ್ಕೆ ಹೊರಟು ನಾಲ್ಕೂವರೆಗೆ ತಲುಪುತ್ತದೆ ಎಂದಿತ್ತು. ಹಿರಿಯೂರಿಂದ ಬೆಂಗಳೂರಿಗೇ ಮೂರು ಗಂಟೆ, ದುಬೈಗೆ ಬರೀ ಎರಡೂವರೆಯೇ ಎಂದು ಎಲ್ಲರೂ ನಕ್ಕು, ಅಷ್ಟಕ್ಕೇ ಐಸು ಹಾಕಿದ್ದರು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ಎಂದು ಹೇಳುವವರೇ ಇರಲಿಲ್ಲ. ಸುಮಾರು ಎರಡು ಸಾವಿರದ ಏಳುನೂರು ಕಿಲೋಮೀಟರ್, ಹಾರಲು ನಾಲ್ಕು ಗಂಟೆ ಬೇಕು. ಡಬ್ಬಿ ತೆಗೆದಾಗ ಹೂವೆಲ್ಲ ಅರಳಿ ಕಂದಿತ್ತು. ಇನ್ನೊಮ್ಮೆ ಹೀಗಾದರೆ ಈ ತೋಟದ ಹೂವೇ ಬೇಡ ಎಂದಿದ್ದಾರೆ ಅಲ್ಲಿನವರು. ಹಾಗಾದರೆ ಇಲ್ಲಿ ಮೊಗ್ಗು ಬಿಡಿಸುವ ಹನ್ನೊಂದು ಹೆಂಗಸರ ಕೆಲಸ ಹೋಗುತ್ತದೆ. ಅಂದಿನಿಂದ ಜಯಕ್ಕನ ಕೈಗಡಿಯಾರ ದುಬೈ ಟೈಮು ತೋರಿಸುತ್ತದೆ. ಅದನ್ನು ನಂಬಿ ಅವರು ಊರಿನ ಬಸ್ಸು ತಪ್ಪಿಸಿಕೊಂಡದ್ದೂ ಉಂಟು.

ಐಸು ಹೆಚ್ಚಿಸಿದರಾಗದೇ ಎಂದು, ಇವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಕೇಳುತ್ತೇನೆ. "ಹೆಚ್ಚಾದ್ರೆ ಮೊಗ್ಗು ಕರ್ರಗಾಗ್ತತಿ ಕಣ್ರಿ. ಎರಡು ಗಂಟೆ ತಡವಾಗಿ ಅರಳೋ ಎಳೇದು ಬೇಕು, ಅಷ್ಟೆ," ಎನ್ನುತ್ತಾ ಕಟ್ಟಿದ ಟೇಪನ್ನು ಕಿತ್ತೇಬಿಡುತ್ತಾರೆ. ಶಿವಕುಮಾರಪ್ಪ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಹನ್ನೊಂದು ಹೆಂಗಸರೂ ಮತ್ತೆ ಸಾಲುಗಳಿಗೆ ಇಳಿಯುತ್ತಾರೆ. ಬಿಸಿಲೇರಿದರೆ ಎಳೆಯದೂ ಬಲಿಯುತ್ತದೆ. ಅವರಲ್ಲೊಬ್ಬರಾದ ಓಬಕ್ಕ ತಂದ ಬುಟ್ಟಿಯಲ್ಲಿ ಅರ್ಧವನ್ನು ಜಯಕ್ಕ ಬೆರಳಲ್ಲಿ ಒತ್ತಿ ನೋಡಿ, ಬಲಿತಿದೆ ಎಂದು ಪಕ್ಕಕ್ಕೆ ಸುರಿಯುತ್ತಾರೆ. ಏಳಕ್ಕೆ ಡಬ್ಬಿ ತುಂಬಿ, ಶಿವಕುಮಾರಪ್ಪನನ್ನೂ ಹತ್ತಿಸಿಕೊಂಡು ವ್ಯಾನು ಬೆಂಗಳೂರಿಗೆ ಹೊರಡುತ್ತದೆ. ಆಮೇಲೂ ಅವರು ತಿಂಡಿ ಮುಟ್ಟುವುದಿಲ್ಲ. ಗಡಿಯಾರ ನೋಡುತ್ತಾ ಈಗ ತುಮಕೂರು, ಈಗ ಬೆಂಗಳೂರು ಎಂದು ಲೆಕ್ಕ ಹಾಕುತ್ತಾರೆ. ಸಂಜೆಯಾಗುವ ಹೊತ್ತಿಗೆ ನಾನೂ ಅವರ ಗಡಿಯಾರವನ್ನೇ ನೋಡತೊಡಗುತ್ತೇನೆ.

ಅವರ ಕೈಗಡಿಯಾರದಲ್ಲಿ ಎಂಟಾದಾಗ ಶಿವಕುಮಾರಪ್ಪನ ಫೋನು ಬರುತ್ತದೆ. ಒಂದು ಮೊಗ್ಗೂ ಬಾಯಿ ಬಿಟ್ಟಿಲ್ಲ, ಈಗ ಮುಡಿಸುತ್ತಿದ್ದಾರಂತೆ. ಜಯಕ್ಕ ಗೋಡೆಗೊರಗಿ ಕೂತು, ಬೆಳಗಿನ ತಣ್ಣಗಿನ ಚಿತ್ರಾನ್ನಕ್ಕೆ ಕೈ ಹಾಕುತ್ತಾರೆ.

ಒಮ್ಮೆ ವಿಮಾನ ಹತ್ತುವ ಆಸೆಯಿಲ್ಲವೇ ಎಂದು ಕೇಳುತ್ತೇನೆ. ಇಲ್ಲ ಎಂದು ತಲೆಯಾಡಿಸುತ್ತಾರೆ.

"ಆ ಡಬ್ಬಿ ಬಿಚ್ಚಿದ್ಮೇಲೆ ಹೆಂಗ್ ಘಮ್ ಅಂತತೋ, ಅದನ್ನೊಂದ್ಸಲ ಮೂಸಿ ನೋಡ್ಬೇಕು ಕಣ್ರಿ. ನಾ ಕಳಿಸಿದ್ದು ಅರಳಿದ್ದನ್ನ ನಾನೇ ನೋಡಿಲ್ಲ."