ಒನ್ಸ್ ಮೋರ್ ತಡೆಯದ ಕಾರ್ಡು

ಪರದೆ ವೀರಣ್ಣನ ಕಂಪ್ಯೂಟರ್ ಕಾರ್ಡಿಗೆ ಸರಿಹೊಂದುವ, ಅದನ್ನು ತಣಿಸುವ ಬ್ಲಾಕನ್ನು ಯಾವ ಕಂಪನಿಯೂ ಮಾಡಿರಲಿಲ್ಲ. ನಡೆದದ್ದು ಇಷ್ಟೇ. ರೇಡಿಯೇಟರ್ ಅಂಗಡಿಯ ಮುದುಕಿ ಕಂಪ್ಯೂಟರ್ ರಿಪೇರಿ ಮಾಡಿದಳು ಎಂದು ಕೊಟ್ಟೂರಿನಲ್ಲಿ ಕೆಲವರು ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ಕಂಪ್ಯೂಟರ್ ರಿಪೇರಿ ನನಗೆ ಬರುವುದಿಲ್ಲ. ಇಲ್ಲದ ಸಾಮಾನನ್ನು ನಾನೂ ವೀರಣ್ಣನೂ ಕೂತು ಬಹಳ ದಿನ ಹುಡುಕಿದೆವು. ಇಲ್ಲವೆಂದು ಖಾತ್ರಿಯಾದ ಮೇಲೆ ಇದ್ದದ್ದರಲ್ಲೇ ಹೊಂದಿಸಿದೆವು.

ಹೋದ ವರ್ಷ ಯುಗಾದಿಗೆ ಮುಂಚಿನ ಮಾತು. ಆಗಲೂ ಈಗಲೂ ನನ್ನದು ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯ ಮೇಲೆ ರೇಡಿಯೇಟರ್ ಬೆಸುಗೆಯ ಅಂಗಡಿ. ರೇಡಿಯೇಟರ್ ಎಂದರೆ ಇಂಜಿನ್ನಿನಿಂದ ಕಾದು ಬಂದ ನೀರನ್ನು ಗಾಳಿಗೆ ಒಡ್ಡಿ ತಣಿಸುವ ಜಾಲರಿ. ಟ್ರಾಕ್ಟರಿನದು, ಲಾರಿಯದು, ಹಳೆಯ ಜೀಪಿನದು ಬರುತ್ತವೆ. ನನ್ನ ಗಂಡ ಮಾಡುತ್ತಿದ್ದ, ನಾನು ಪಕ್ಕದಲ್ಲಿ ಹಿಡಿದುಕೊಡುತ್ತಿದ್ದೆ. ಅವನು ಸತ್ತ ಮೇಲೆ ಹಿಡಿಯುವುದೂ ನಾನೇ, ಬೆಸೆಯುವುದೂ ನಾನೇ. ಮೊದಲು ಎಲ್ಲ ತಾಮ್ರ ಹಿತ್ತಾಳೆ, ಎಷ್ಟು ಸಲ ಸೋರಿದರೂ ಬೆಸೆಯಬಹುದಿತ್ತು. ಈಗ ಅಲ್ಯುಮಿನಿಯಂ ಬಂದಿದೆ, ಅದರ ಮೇಲೆ ಪ್ಲಾಸ್ಟಿಕ್ಕಿನ ಟ್ಯಾಂಕು. ಒಡೆದರೆ ಎಸೆದು ಹೊಸದು ಹಾಕುತ್ತಾರೆ. ಹಾಗಾಗಿ ಒಬ್ಬ ಗಿರಾಕಿಯೂ ಬಾರದ ದಿನಗಳಿವೆ. ಮಧ್ಯಾಹ್ನ ತಗಡಿನ ಚಾವಣಿ ಕಾಯ್ದು ಟಕ್ ಎನ್ನುತ್ತದೆ. ಅದು ಬಿಟ್ಟರೆ ಸದ್ದಿಲ್ಲ. ಹಗರಿಬೊಮ್ಮನಹಳ್ಳಿಗೆ ಕೊಟ್ಟ ಮಗಳು ಫೋನ್ ಮಾಡಿ "ಉಂಡ್ಯಾ?" ಎನ್ನುತ್ತಾಳೆ. "ಉಂಡೆ" ಎನ್ನುತ್ತೇನೆ. ಅಲ್ಲಿಗೆ ಆ ದಿನದ ಮಾತು ಮುಗಿಯಿತು.

ಅಂಥ ಒಂದು ಮಧ್ಯಾಹ್ನ ಉದ್ದನೆಯ, ಬಡಕಲು ಆಳೊಬ್ಬ ಬಂದು ಬಾಗಿಲಲ್ಲಿ ನಿಂತ.

"ನಮಸ್ಕಾರ್ರಿ ಅಕ್ಕಾರ. ಒಂದು ಸಣ್ಣ ರೇಡಿಯೇಟರ್ ಬೇಕಾಗಿತ್ರಿ."

"ಯಾವ ಗಾಡಿದು?"

"ಗಾಡಿದಲ್ರಿ. ಕಂಪ್ಯೂಟರಿಗೆ."

"ಬಿಸಿಲು ತಲಿಗೆ ಹತ್ತೈತಿ ನಿನಗ. ಒಳಗ ಬಾ, ನೀರು ಕುಡಿ."

ಬೋರಲು ಹಾಕಿದ್ದ ಆಯಿಲ್ ಡಬ್ಬಿಯ ಮೇಲೆ ಕೂತ. ನೀರು ಕುಡಿದ. ಆಮೇಲೂ ಅದೇ ಮಾತು ಹೇಳಿದ. ಆಗ ಹುಚ್ಚನಲ್ಲವೆಂದು ಗೊತ್ತಾಯಿತು.

ಅವನ ಹೆಸರು ವೀರಣ್ಣ, ಊರು ಹಿರೇಹಡಗಲಿ. ನಾಟಕಗಳಿಗೆ ಪರದೆ ಬರೆಯುವವನು. ಅರಮನೆ, ಕಾಡು, ಬೀದಿ, ಬಡವನ ಮನೆ ಎಲ್ಲವನ್ನೂ ಬಟ್ಟೆಯ ಮೇಲೆ ಬರೆದು ಜೀವನ ಮಾಡಿದವನು. ಈಗ ಹಳ್ಳಿಯ ನಾಟಕಕ್ಕೂ ಹಿಂದೆ ದೊಡ್ಡ ಎಲ್ಇಡಿ ಪರದೆ ಬೇಕು. ಅದರಲ್ಲಿ ಹೊಳೆ ಹರಿಯಬೇಕು, ಸಿಡಿಲು ಹೊಡೆಯಬೇಕು. ವೀರಣ್ಣ ಐವತ್ತು ದಾಟಿದ ಮೇಲೆ ಆ ಕೆಲಸ ಕಲಿತ. ಬೇರೆ ದಾರಿಯೂ ಇರಲಿಲ್ಲ. ಬ್ರಷ್ ಹಿಡಿದರೆ ಅವನ ಕೈ ನಡುಗುತ್ತದೆ, ಗೆರೆ ಸೊಟ್ಟ ಬರುತ್ತದೆ. ಹೆಂಡತಿ ಮಕ್ಕಳು ಇಲ್ಲ. ಮಾಡಿಕೊಳ್ಳಲಿಲ್ಲವೋ ಉಳಿಯಲಿಲ್ಲವೋ, ನನಗೆ ಗೊತ್ತಿಲ್ಲ.

ಕಂಪ್ಯೂಟರಿನೊಳಗೆ ಚಿತ್ರ ಓಡಿಸುವುದಕ್ಕೆ ಬೇರೆಯೇ ಒಂದು ಹಲಗೆ ಇರುತ್ತದೆ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಎನ್ನುತ್ತಾರೆ. ಕೆಲಸ ಹೆಚ್ಚಾದಂತೆ ಅದು ಟ್ರಾಕ್ಟರ್ ಇಂಜಿನ್ ಕಾದ ಹಾಗೆ ಕಾಯುತ್ತದೆ. ವಿಡಿಯೋ ಮಾಡಿ ಇಟ್ಟುಕೊಂಡರೆ ಅಷ್ಟು ಕಾಯುವುದಿಲ್ಲವಂತೆ. ಇವನು ಹಾಗೆ ಮಾಡುವುದಿಲ್ಲ. ಆಟ ನಡೆಯುವಾಗಲೇ ಮಳೆ ಸುರಿಸುತ್ತಾನೆ, ಆಗಲೇ ನಿಲ್ಲಿಸುತ್ತಾನೆ.

"ವಿಡಿಯೋನ ಹಾಕಬಾರದೇನು, ಇಷ್ಟು ಕಷ್ಟ ಯಾಕ?" ಎಂದೆ.

"ವಿಡಿಯೋ ಅಷ್ಟಕ್ಕ ಮುಗೀತೈತ್ರಿ. ಜನ ಒನ್ಸ್ ಮೋರ್ ಅಂದ್ರ ಏನ್ ಮಾಡ್ಲಿ? ಮುಂದ ನಾಯಕಿ ಮಳ್ಯಾಗ ನಿಂತು ಹಾಡ್ತಿರ್ತಾಳ, ಹಿಂದ ಮಳಿ ನಿಂತಿರ್ತೈತಿ."

ಅದು ನಿಜ. ನಮ್ಮ ಕಡೆಯ ನಾಟಕದಲ್ಲಿ ಹಾಡು ಎಷ್ಟು ಹೊತ್ತು ಎಂಬುದು ಬರೆದವನ ಕೈಯಲ್ಲಿಲ್ಲ, ಕೂತವರ ಕೈಯಲ್ಲಿದೆ. ಹಿಡಿಸಿದರೆ ಒನ್ಸ್ ಮೋರ್ ಎಂದು ಕೂಗುತ್ತಲೇ ಇರುತ್ತಾರೆ. ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ಹಾಗೇ ಆಯಿತಂತೆ. ಮಳೆಯ ಹಾಡು ಮುಗಿಯಲು ಬಿಡಲಿಲ್ಲ. ಕಾರ್ಡನ್ನು ತಣಿಸುವ ಫ್ಯಾನಿಗೆ ಕೆಂಪು ಮಣ್ಣಿನ ಧೂಳು ಬಡಿದಿತ್ತು. ಕಾರ್ಡು ಕಾಯ್ದು ಕಾಯ್ದು ಪರದೆ ಕಪ್ಪಾಯಿತು. ನಾಯಕಿ ಕತ್ತಲ ಮುಂದೆ ನಿಂತು ಹಾಡಿದಳು. ಜನ ಸಿಳ್ಳೆ ಹೊಡೆದರು. ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವ ಮಾಸ್ತರರು ಮೊದಲೇ ಸಿಟ್ಟಿನಲ್ಲಿದ್ದರು. ಫ್ಯಾನಿನ ಗದ್ದಲದಲ್ಲಿ ಅವರ ಸ್ವರ ಅವರಿಗೇ ಕೇಳುತ್ತಿರಲಿಲ್ಲವಂತೆ.

"ಏನಂದ್ರು ಮಾಸ್ತರ?"

"ಕೋಗಳಿ ಊರಿನ ನಾಟಕಕ್ಕ ಒಂದ್ ಸಲ ನೋಡ್ತೀನಿ, ಅಲ್ಲೂ ಪರದಿ ಆರಿತಂದ್ರ ದಾವಣಗೇರಿ ಪರದಿಯವ್ರನ್ನ ಕರಸ್ತೀನಿ, ನೀ ಮನ್ಯಾಗ ಮಕ್ಕೋ ಅಂದ್ರು."

ಅದಕ್ಕೆ ಅವನು ನೀರಿನಿಂದ ತಣಿಸಲು ಹೊರಟಿದ್ದ. ಕಾರ್ಡಿನ ಫ್ಯಾನು ತೆಗೆದು, ಅಲ್ಲಿ ಬ್ಲಾಕ್ ಎಂಬ ತಾಮ್ರದ ಹಲಗೆ ಕೂಡಿಸುತ್ತಾರೆ. ಅದರೊಳಗೆ ಕೂದಲೆಳೆಯಂಥ ಕಾಲುವೆಗಳು. ನೀರು ಅಲ್ಲಿ ಹರಿದು ಶಾಖ ಹೊತ್ತು ರೇಡಿಯೇಟರಿಗೆ ಬರುತ್ತದೆ, ತಣ್ಣಗಾಗಿ ಮರಳುತ್ತದೆ. ಸಣ್ಣ ಪಂಪು ನೀರನ್ನು ತಿರುಗಿಸುತ್ತದೆ. ಇದರಲ್ಲಿ ನನಗೆ ಹೊಸದೇನೂ ಕಾಣಲಿಲ್ಲ. ಹಳೆಯ ಜೀಪಿನಲ್ಲಿ ಒಳಗೆ ಕೂತವರಿಗೆ ಬೆಚ್ಚಗಿರಲೆಂದು ಅಂಗೈ ಎರಡರಷ್ಟು ದೊಡ್ಡ ಹೀಟರ್ ಇರುತ್ತಿತ್ತು. ಅದೂ ರೇಡಿಯೇಟರೇ, ಶುದ್ಧ ತಾಮ್ರ ಹಿತ್ತಾಳೆ. ನಮ್ಮ ಬಿಸಿಲಿಗೆ ಯಾರಿಗೆ ಬೇಕು ಹೀಟರು? ಜೀಪಿನವರು ಬಿಚ್ಚಿಸಿ ಇಲ್ಲೇ ಎಸೆದು ಹೋಗಿದ್ದರು. ಒಂದನ್ನು ತೆಗೆದು, ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಗಾಳಿ ಊದಿದೆ. ಗುಳ್ಳೆ ಏಳಲಿಲ್ಲ. ಸೋರಿಕೆ ಇಲ್ಲ.

"ಇದು ಆತು. ಆ ಬ್ಲಾಕ್ ಎಲ್ಲೈತಿ?"

"ಪಾರ್ಸಲ್ ಬರ್ತೈತ್ರಿ."

ಪಾರ್ಸಲ್ ಬಂದ ದಿನ ಕಾರ್ಡನ್ನೂ ಹೊತ್ತುಕೊಂಡು ಬಂದ. ಮೇಜು ಒರೆಸಿ, ಬಟ್ಟೆ ಹಾಸಿ, ಫ್ಯಾನು ಸಮೇತ ಕಾರ್ಡಿನ ಮುಚ್ಚಳ ಬಿಚ್ಚಿದ. ಬ್ಲಾಕ್ ಇಟ್ಟ. ಹೆಚ್ಚು ಕಾಯುವುದು ನಡುವಿನ ಚೌಕದ ಚಿಪ್ಪು, ಅದರ ಸುತ್ತಲ ನಾಲ್ಕು ತೂತು ಕೂಡಿದವು. ಪಕ್ಕಕ್ಕೆ ಬಂದರೆ ತಾಮ್ರದ ಅಂಚು ಒಂದು ಎತ್ತರದ ತಂತಿಯ ಸುರುಳಿಯ ಮೇಲೆ ಕೂತಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ, ಕಾಲು ಗಿಡ್ಡಾದ ಮಣೆಯ ಹಾಗೆ.

"ಅಡ್ಡ ಬಂದದ್ದು ಇಷ್ಟ ಅಲ್ಲೇನ್ರಿ ಅಕ್ಕಾರ, ಅರ ಹಾಕಿ ಉಜ್ಜಿಬಿಡ್ರಿ."

"ಒಳಗ ಕಾಲುವಿ ಅದಾವು ಅಂತ ನೀನ ಹೇಳೀಯಪ. ಉಜ್ಜಿದರ ತೂತು ಬೀಳ್ತೈತಿ. ನೀರು ನಿನ್ನ ಕಾರ್ಡಿನ ಮ್ಯಾಲ ಬೀಳ್ತೈತಿ. ಆಮ್ಯಾಲ ಒನ್ಸ್ ಮೋರ್ ಅನ್ನಾಕ ಏನೂ ಉಳಿಯಂಗಿಲ್ಲ."

ಅವನು ಬ್ಲಾಕನ್ನು ತಿರುಗಿಸಿ ನೋಡಿದ. ಕಾರ್ಡಿನ ಹೆಸರು ನೋಡಿಯೇ ತರಿಸಿದ್ದೇನೆ ಎಂದ. ಹೆಸರು ಎಲ್ಲಿ ನೋಡಿದೆ ಎಂದೆ. ಮುಚ್ಚಳ ತೋರಿಸಿದ.

ನಮ್ಮ ಕಡೆ ರೇಡಿಯೇಟರ್ ಹೇಗೆ ಮಾಡುತ್ತೇವೆ ಎಂದು ಹೇಳಬೇಕು. ಒಂದು ಕಂಪನಿಯ ಜಾಲರಿ ಕೆಟ್ಟರೆ ಇನ್ನೊಂದರದು ಕತ್ತರಿಸಿ ಹಾಕುತ್ತೇವೆ, ಮೇಲಿನ ಟ್ಯಾಂಕು ಹಳೆಯದೇ ಇರುತ್ತದೆ. ಕಪ್ಪು ಬಣ್ಣ ಬಳಿದರೆ ಹೊರಗೆ ಟ್ಯಾಂಕಿನ ಹೆಸರು, ಒಳಗೆ ಬೇರೆಯವರ ಹೊಟ್ಟೆ. ಇದು ಮೋಸವಲ್ಲ, ಗಾಡಿ ಓಡಬೇಕಲ್ಲ. ಮುಂದೆ ಬಿಡಿಭಾಗ ಹುಡುಕುವವನಿಗೆ ಮಾತ್ರ ಹೆಸರು ದಾರಿ ತಪ್ಪಿಸುತ್ತದೆ. ಅದಕ್ಕೇ ಯಾರೇ ಬರಲಿ, ಹಳೆಯದನ್ನು ತಂದು ತೋರಿಸು ಎನ್ನುತ್ತೇನೆ.

"ಮುಚ್ಚಳ ಬಿಡು, ಹಲಗಿ ಮ್ಯಾಲ ಏನ್ ಬರದೈತಿ ನೋಡು" ಎಂದೆ. ಕನ್ನಡಕ ಹಾಕಿಕೊಂಡು ಓದಿದ. ಬೇರೆ ಕಂಪನಿ, ಬೇರೆ ನಂಬರು. ಕಾರ್ಡನ್ನು ಅವನು ಹರಪನಹಳ್ಳಿಯ ರಿಪೇರಿಯವನೊಬ್ಬನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ. ಅಲ್ಲೇ ಫೋನ್ ಹಚ್ಚಿದ. ಆಚೆಯವನು ಮುಚ್ಚುಮರೆ ಮಾಡಲಿಲ್ಲ.

"ಹೌದಣ್ಣ, ಅದರ ಫ್ಯಾನ್ ಸುಟ್ಟಿತ್ತು. ಇನ್ನೊಂದು ಕಾರ್ಡಿಂದು ಮುಚ್ಚಳ ಸಮೇತ ಕೂತ್ಕೊಳ್ತು, ಹಾಕಿದೆ. ಓಡ್ತೈತೆ ತಾನೆ?"

"ಓಡ್ತೈತಪ" ಎಂದು ವೀರಣ್ಣ ಫೋನ್ ಇಟ್ಟ. ನನಗೆ ಆ ರಿಪೇರಿಯವನನ್ನು ಬೈಯುವ ಬಾಯಿ ಇರಲಿಲ್ಲ. ನಾನು ಮಾಡುವುದೂ ಅದೇ ಕೆಲಸ.

ಆಮೇಲೆ ಹುಡುಕಾಟ ಶುರುವಾಯಿತು. ವೀರಣ್ಣ ತನ್ನ ಮನೆಯಲ್ಲಿ ಸಿಗ್ನಲ್ ಸರಿಯಿಲ್ಲವೆಂದು ಹೇಳಿ ಬಸ್ ಹತ್ತಿ ಕೊಟ್ಟೂರಿಗೇ ಬರುತ್ತಿದ್ದ. ಅದೇ ಡಬ್ಬಿಯ ಮೇಲೆ ಕೂತು ಹಲಗೆಯ ನಂಬರು ಹಾಕಿ ಹುಡುಕುತ್ತಿದ್ದ. ಬ್ಲಾಕ್ ಮಾಡುವವರು ಯಾವ ಹಲಗೆಗೆ ಯಾವುದು ಕೂಡುತ್ತದೆ ಎಂದು ಪಟ್ಟಿ ಹಾಕಿರುತ್ತಾರಂತೆ. ಯಾವ ಪಟ್ಟಿಯಲ್ಲೂ ಇವನ ನಂಬರಿಲ್ಲ. ನಾನು ಬೆಸುಗೆ ಹಾಕುತ್ತಿದ್ದೆ. "ಇಲ್ರಿ" ಎನ್ನುತ್ತಿದ್ದ ಅವನು. "ಇನ್ನೊಂದು ನೋಡು" ಎನ್ನುತ್ತಿದ್ದೆ ನಾನು. ಅರ್ಧ ದಿನ ಅಷ್ಟೇ ಮಾತು. ಅವನು ಊಟ ತರುತ್ತಿರಲಿಲ್ಲ. ಬುತ್ತಿಗೆ ದಿನಾ ಎರಡು ರೊಟ್ಟಿ ಹೆಚ್ಚಿಗೆ ಬಡಿಯತೊಡಗಿದೆ. ಮಗಳು ಫೋನಿನಲ್ಲಿ "ಯಾರದು ಕೆಮ್ಮೋದು?" ಎಂದು ಕೇಳಿದಳು. ಗಿರಾಕಿ ಎಂದೆ.

ಕೋಗಳಿಯ ನಾಟಕ ಹತ್ತಿರ ಬಂತು. ಒಂದು ದಿನ ಅವನು ಫೋನನ್ನು ಜೇಬಿಗಿಟ್ಟ.

"ಎಲ್ಲೂ ಇಲ್ಲ ಅಕ್ಕಾರ. ಯಾರೂ ಮಾಡಿಲ್ಲ."

"ಹಲಗಿ ಪೂರ್ತಿ ಮುಚ್ಚೋದ ಬೇಕೇನು? ನಡುವಿನ ಚಿಪ್ಪೊಂದ ಮುಚ್ಚೋದು ಇರಂಗಿಲ್ಲೇನು?"

ಇತ್ತು. ಅದನ್ನು ಯುನಿವರ್ಸಲ್ ಬ್ಲಾಕ್ ಎನ್ನುತ್ತಾರೆ. ಚಿಪ್ಪಿನ ಮೇಲಷ್ಟೇ ಕೂರುತ್ತದೆ, ತೂತುಗಳನ್ನು ಹಿಂದೆ ಮುಂದೆ ಸರಿಸಿಕೊಳ್ಳಬಹುದು. ಸುತ್ತಲ ಸಣ್ಣ ಚಿಪ್ಪುಗಳಿಗೆ, ಕರೆಂಟ್ ಹಂಚುವ ಭಾಗಗಳಿಗೆ ನೀರು ಸಿಗುವುದಿಲ್ಲ. ಅದಕ್ಕೇ ಅವನು ಅದನ್ನು ಮೊದಲೇ ಬೇಡವೆಂದು ಬಿಟ್ಟಿದ್ದನಂತೆ. ಬೇಡವೆಂದು ಬಿಟ್ಟದ್ದೇ ಈಗ ಬೇಕಾಯಿತು. ಈ ಸಲ ಹೆಸರನ್ನು ನಂಬಲಿಲ್ಲ. ಇಂಜಿನ್ನಿಗೆ ಗ್ಯಾಸ್ಕೆಟ್ ಕತ್ತರಿಸುವಾಗ ನಾವು ಕಾಗದವನ್ನು ಭಾಗದ ಮೇಲಿಟ್ಟು ತೂತಿನ ಅಚ್ಚು ತೆಗೆಯುತ್ತೇವೆ. ಹಾಗೇ ಹಲಗೆಯ ಮೇಲೆ ಕಾಗದ ಇಟ್ಟು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನಾಲ್ಕು ತೂತಿನ ಅಚ್ಚು ತೆಗೆದುಕೊಟ್ಟೆ. ಅವನು ಅದರ ಅಳತೆ ಹಿಡಿದು ತರಿಸಿದ. ಬಂತು, ಕೂತಿತು.

ಸುತ್ತಲ ಚಿಪ್ಪುಗಳಿಗೆ ಹಳೆಯ ರೇಡಿಯೇಟರಿನ ತಾಮ್ರದ ಎಲೆಗಳನ್ನು ಕತ್ತರಿಸಿ ಮಡಿಚಿಕೊಟ್ಟೆ. ಶಾಖ ದಾಟಿಸುವ ಟೇಪಿನಿಂದ ಅಂಟಿಸಿದ. ಅವುಗಳಿಗೆಂದು ಒಂದು ದೊಡ್ಡ ಫ್ಯಾನು, ಹೀಟರಿನ ಹಿಂದೆ ಇನ್ನೊಂದು. ಎರಡೂ ನಿಧಾನಕ್ಕೆ ತಿರುಗುವಂಥವು, ಸದ್ದಿಲ್ಲ. ನಮ್ಮ ಬೋರಿನ ನೀರು ಹಾಕಿದರೆ ಕಾಲುವೆಯಲ್ಲಿ ಸುಣ್ಣ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಿಸಿದೆ. ಕಾರ್ಡಿಗೆ ಕರೆಂಟ್ ಕೊಡದೆ ಬರೀ ಪಂಪು ಓಡಿಸಿ, ಕೀಲುಗಳ ಕೆಳಗೆ ಪೇಪರ್ ಹಾಸಿ, ಒಂದು ಹಗಲು ಬಿಟ್ಟೆವು. ಒಂದು ಕಡೆ ಹನಿ ಬಿತ್ತು. ಕ್ಲಿಪ್ಪು ಬಿಗಿದೆ. ನಿಂತಿತು.

ನಾಟಕದ ಹಿಂದಿನ ಮಧ್ಯಾಹ್ನ ಪರೀಕ್ಷೆ. ಅಂಗಡಿಯ ಬಾಗಿಲು ಅರ್ಧ ಎಳೆದು ಮೇಜಿನ ಮೇಲೆ ಕಂಪ್ಯೂಟರಿನ ಸಣ್ಣ ಪರದೆ ಇಟ್ಟ. ಚಾವಣಿ ಟಕ್ ಎನ್ನುತ್ತಿತ್ತು. ಅರಮನೆ ಬಂತು. ಕಂಬಗಳ ನಡುವೆ ದೀಪ ಉರಿಯುತ್ತಿತ್ತು, ಸಿಂಹಾಸನ ಖಾಲಿ. ಬೀದಿ ಬಂತು, ಬೀದಿಯಲ್ಲಿ ನಾಯಿಯೂ ಇಲ್ಲ. ಬಡವನ ಮನೆಯ ಒಲೆಯಲ್ಲಿ ಬೆಂಕಿ ಇತ್ತು, ಮುಂದೆ ಯಾರೂ ಕೂತಿರಲಿಲ್ಲ.

"ಮನುಷ್ಯರ ಇಲ್ಲಲ್ಲೋ ಇದರಾಗ."

"ಮನುಷ್ಯರು ಸ್ಟೇಜಿನ ಮ್ಯಾಲ ಬರ್ತಾರ್ರಿ. ನಾನು ಬರೇ ಜಾಗ ಮಾಡಿಕೊಡಾಂವ."

ಆಮೇಲೆ ಮಳೆ. "ಈಗ ನೀವು ಅನ್ಬೇಕ್ರಿ" ಎಂದ.

"ಏನು?"

"ಒನ್ಸ್ ಮೋರ್. ಜನ ಅಂದಂಗ. ನಾನ ಅಂದ್ರ ಕಾರ್ಡು ಹೆದರಂಗಿಲ್ಲ."

ಅಂದೆ. ಮಳೆ ಮತ್ತೆ ಸುರಿಯಿತು. ಮತ್ತೆ ಅಂದೆ. ಹೊರಗೆ ರಸ್ತೆ ಬಿಳಿ ಬಿಸಿಲಿನಲ್ಲಿ ಬಿದ್ದಿತ್ತು, ಒಳಗೆ ಮಳೆ ಸುರಿಯುತ್ತಲೇ ಇತ್ತು. ಅವನು ಕಾರ್ಡಿನ ಶಾಖದ ಅಂಕಿ ನೋಡುತ್ತಿದ್ದ, ನಾನು ಹೀಟರಿನ ಮೇಲೆ ಕೈ ಇಟ್ಟುಕೊಂಡಿದ್ದೆ. ಬೆಚ್ಚಗಾಯಿತು, ಸುಡಲಿಲ್ಲ. ಹೊತ್ತು ಇಳಿಯುವ ತನಕ ಒನ್ಸ್ ಮೋರ್ ಎಂದೆ. ಪರದೆ ಆರಲಿಲ್ಲ. ಎಷ್ಟೋ ವರ್ಷಗಳಿಂದ ನಾನು ಅಷ್ಟು ಮಾತಾಡಿರಲಿಲ್ಲ, ಮಾತು ಒಂದೇ ಆದರೂ.

"ನಾಟಕಕ್ಕ ಬರ್ರಿ ಅಕ್ಕಾರ."

"ಯಾರು ಬರ್ತಾರಪ. ನೀ ಹೋಗು. ಪೈಪು ಮಡಿಚಿಕೊಳ್ಳದಂಗ ಇಟ್ಕೋ."

ನಾಟಕದ ಮಾರನೇ ದಿನ ಸಂಜೆ ಫೋನ್ ಬಂತು. ಹಿಂದೆ ಗಾಡಿಗೆ ಸಾಮಾನು ಏರಿಸುವ ಸದ್ದು.

"ಆರಲಿಲ್ರಿ ಅಕ್ಕಾರ! ಜನ ಬಿಡಲೇ ಇಲ್ಲ, ಒನ್ಸ್ ಮೋರ್ ಒನ್ಸ್ ಮೋರ್ ಅಂತ. ಮಾಸ್ತರ ಏನಂದ್ರು ಗೊತ್ತೇನ್ರಿ? ಎಲ್ಲಾ ಊರಿಗೂ ನೀನ ಬಾ ಅಂದ್ರು. ಇವತ್ತ ಹೊಂಟೀವ್ರಿ, ಮಳಿಗಾಲದ ತನಕ ಊರು ತಿರುಗೋದ ಆತು."

"ಛಲೋ ಆತು. ನೀರು ಕಮ್ಮಿ ಆದ್ರ ಡಿಸ್ಟಿಲ್ಡ್ ಹಾಕು, ಬೋರಿಂದು ಹಾಕಬ್ಯಾಡ."

"ಆತ್ರಿ."

ಅವನು ಮತ್ತೆ ಬರಲಿಲ್ಲ, ಬರುವ ಕಾರಣವೂ ಇಲ್ಲ. ಈ ಕಸುಬು ನನಗೆ ಎರಡು ವಿಷಯ ಕಲಿಸಿದೆ. ಮುಚ್ಚಳದ ಹೆಸರು ನಂಬಬೇಡಿ, ಬಿಚ್ಚಿ ನೋಡಿ. ಇನ್ನೊಂದನ್ನು ಯಾರೂ ಹೇಳುವುದಿಲ್ಲ, ನಾನೇ ಹೇಳುತ್ತೇನೆ: ಬೆಸುಗೆ ಕೆಟ್ಟರೆ ಗಿರಾಕಿ ತಿರುಗಿ ಬರುತ್ತಾನೆ, ಗಟ್ಟಿಯಾಗಿ ಕೂತರೆ ಬರುವುದಿಲ್ಲ. ಗಟ್ಟಿಯಾಗಿಯೇ ಹಾಕಬೇಕು.

ಫೋನ್ ಬಂದ ಮರುದಿನ ಬೆಳಿಗ್ಗೆ ಎದ್ದು ಎರಡು ರೊಟ್ಟಿಯ ಹಿಟ್ಟು ಕಡಿಮೆ ನಾದಿದೆ. ಅಂಗಡಿ ತೆಗೆದು ತೊಟ್ಟಿಯ ನೀರು ಬದಲಿಸಿದೆ. ಮೇಜಿನ ಕೆಳಗೆ ತಾಮ್ರದ ಎಲೆಗಳ ಚೂರು ಚೆಲ್ಲಾಡಿದ್ದವು, ಗುಡಿಸಿ ಒಂದು ಕಡೆ ಮಾಡಿದೆ. ಹಾಕಿಡಲು ಏನೂ ಇರಲಿಲ್ಲ. ಅವನು ಕೂರುತ್ತಿದ್ದ ಆ ಬೋರಲು ಡಬ್ಬಿಯನ್ನು ಅಂಗಾತ ಮಾಡಿ ಅದರೊಳಗೆ ಸುರಿದೆ.