ದೋನ್ಕಾ ಆರಿಸಿಕೊಂಡ ಕಸರತ್ತು

ನಮ್ಮ ಕಟ್ಟಡದ ಮೇಲ್ವಿಚಾರಕಿ ನಾನು. ಮೆಟ್ಟಿಲಿನ ದೀಪ ಕೆಟ್ಟರೆ, ಕೆಳಬಾಗಿಲಿನ ಬೀಗ ಸಿಕ್ಕಿಕೊಂಡರೆ, ಒಬ್ಬರ ನಲ್ಲಿ ಸೋರಿ ಇನ್ನೊಬ್ಬರ ಸೂರು ನೆನೆದರೆ, ಎಲ್ಲರೂ ಬಂದು ತಟ್ಟುವುದು ನನ್ನ ಬಾಗಿಲನ್ನೇ. ಈ ಉಸಾಬರಿಗೆ ಬೇರೆ ಯಾರೂ ಮುಂದೆ ಬರಲಿಲ್ಲ. ನನ್ನನ್ನು ಆರಿಸಿ ಎಲ್ಲರೂ ಕೈತೊಳೆದುಕೊಂಡರು. ಇರಲಿ, ಅದರಿಂದ ಒಂದು ಲಾಭವಿದೆ. ಯಾರ ಮನೆಗೆ ಬೇಕಾದರೂ ಸ್ಪ್ಯಾನರ್ ಹಿಡಿದು ನುಗ್ಗಬಹುದು, ಯಾಕೆ ಬಂದೆ ಎಂದು ಕೇಳುವವರಿಲ್ಲ.

ನನ್ನ ತಲೆಯ ಮೇಲಿನ ಮನೆ ದೋನ್ಕಾಳದು. ನಮ್ಮೂರು ಸ್ಲಿವೆನ್ನಿನ ಉಣ್ಣೆ ಗಿರಣಿಯಲ್ಲಿ ನೇಯ್ಗೆ ಯಂತ್ರದ ಮುಂದೆ ನಿಂತೇ ಆಯುಷ್ಯ ಕಳೆದವಳು. ಕುಳ್ಳಿ, ತೆಳ್ಳಗೆ, ಮಾತು ಕಡಿಮೆ. ಗಂಡ ರಾಷ್ಕೊ ಇದಕ್ಕೆ ತದ್ವಿರುದ್ಧ. ಊರ ಬಸ್ಸು ಓಡಿಸುತ್ತಿದ್ದ ಆಳು, ಬಾಗಿಲ ತುಂಬ ಬರುವ ಮೈ, ಮೂರು ಮಹಡಿಗೂ ಕೇಳುವ ಗಂಟಲು. ಕಳೆದ ಚಳಿಗಾಲದ ಕೊನೆಗೆ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ನಾಲಿಗೆ ದಪ್ಪವಾಯಿತು. ತಲೆ ಮಾತ್ರ ಎಂದಿನಂತೆ ಚುರುಕಾಗಿತ್ತು, ಕಷ್ಟವಾದದ್ದು ಅದೇ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನನ್ನು ಕುರ್ಚಿಗೆ ಕೂರಿಸಲು ಮೊದಲ ಮಹಡಿಯ ಕೊಳಾಯಿ ರಿಪೇರಿಯ ಅಪ್ಪ-ಮಗನನ್ನು ಕರೆಯುತ್ತಿದ್ದೆವು. ಒಳ್ಳೆಯ ಜನ. ಎತ್ತುವಾಗ ಮಗ ನಗುತ್ತಾ, "ಅಬ್ಬಾ ರಾಷ್ಕೊ ಮಾಮ, ನೀವು ಒಳ್ಳೇ ಸಿಮೆಂಟ್ ಮೂಟೆ ಆಗಿದೀರಲ್ಲ!" ಅಂದ. ಪ್ರೀತಿಯಿಂದಲೇ ಅಂದದ್ದು. ಮರುದಿನ ಅವರು ಬಂದಾಗ ರಾಷ್ಕೊ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ.

"ಬೇಡ," ಅಂದ. "ಮೂಟೆ ಇಲ್ಲೇ ಇರ್ಲಿ."

ಅಂದಿನಿಂದ ಬೇರೆಯವರ ಕೈ ಮೈಗೆ ತಾಕಲು ಬಿಡಲಿಲ್ಲ. ದೋನ್ಕಾ ಹೇಗೋ ಅವನನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸಿ ಊಟ ಮಾಡಿಸುತ್ತಿದ್ದಳು, ಮತ್ತೆ ಮಲಗಿಸುತ್ತಿದ್ದಳು. ಅಲ್ಲಿಂದ ಎಬ್ಬಿಸಿ ಕುರ್ಚಿಗೆ ದಾಟಿಸುವುದು ಅವಳ ಕೈಲಾಗದ ಮಾತು. ಡಾಕ್ಟರಮ್ಮ ಬಂದು ಎದೆಗೆ ಕೊಳವೆ ಇಟ್ಟು ನೋಡಿ, ದೋನ್ಕಾಳನ್ನು ಹೊರಗೆ ಕರೆದಳು. ನಾನೂ ಹಿಂದೆಯೇ ಹೋದೆ.

"ಹೀಗೇ ಮಲಗಿದ್ರೆ ಶ್ವಾಸಕೋಶ ಕೆಡುತ್ತೆ. ದಿನಾ ಎದ್ದು ಕೂರ್ಬೇಕು, ನಿಲ್ಬೇಕು. ಇಲ್ಲಾಂದ್ರೆ ಬರೋ ಚಳಿಗಾಲ ದಾಟೋದು ಕಷ್ಟ."

ದೋನ್ಕಾ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. "ಹಾಗಾದ್ರೆ ನಾನೇ ಎತ್ಬೇಕು," ಅಂದಳು.

"ಏನೇ ಹುಚ್ಚಿ, ಅವನಲ್ಲಿ ನಿನ್ನಂಥೋರು ಇಬ್ಬರಿದಾರೆ!" ಅಂದೆ ನಾನು.

"ಅದಕ್ಕೇ ಕಣೇ ನೆವೆನಾ, ಶಕ್ತಿ ಬರೋದು ಹೇಗೆ ಅಂತ ಕಲೀಬೇಕು. ಜನ ಕಲೀತಾರಲ್ಲ?"

ಕಲಿಯುತ್ತಾರೆ ನಿಜ. ಆದರೆ ಯಾರ ಹತ್ತಿರ? ನಮ್ಮ ದೇಶದಲ್ಲಿ ಭಾರ ಎತ್ತುವುದರ ಬಗ್ಗೆ ತಿಳಿಯದವನೇ ಇಲ್ಲ. ಬೇಕರಿಯಲ್ಲಿ ಚೀಸ್ ತುಂಬಿದ ಬಾನಿತ್ಸಾ ಕೊಳ್ಳಲು ಸಾಲಿನಲ್ಲಿ ನಿಂತವನೂ ಎರಡು ಮಾತು ಹೇಳಿಯೇ ಹೋಗುತ್ತಾನೆ. ಔಷಧಿ ಅಂಗಡಿಯವಳು ಗುಲಾಬಿ ಬಣ್ಣದ ಪುಟ್ಟ ಡಂಬೆಲ್ ತೋರಿಸಿ, ಟೀವಿ ನೋಡುತ್ತಾ ಆಡಿಸಿದರೆ ಸಾಕು ಅಂದಳು. ದೋನ್ಕಾ ಅದನ್ನು ಎತ್ತಿ ನೋಡಿ, "ನಮ್ಮನೆ ಸೌಟು ಇದಕ್ಕಿಂತ ಭಾರ ಇದೆ ತಾಯಿ," ಎಂದು ವಾಪಸಿಟ್ಟಳು.

ಆಮೇಲೆ ಬಸ್ ನಿಲ್ದಾಣದ ಪಕ್ಕದ ಹೊಸ ಜಿಮ್‌ಗೆ ಹೋದೆವು. ಒಳಗೆಲ್ಲ ಕನ್ನಡಿ. ಎತ್ತ ತಿರುಗಿದರೂ ನಮ್ಮದೇ ಎರಡು ಮುದಿ ಮುಖಗಳು. ಅಲ್ಲಿನ ತರುಣ ಬಹಳ ಮರ್ಯಾದೆಯವನು, ಕುರ್ಚಿ ಹಾಕಿ ಕೂರಿಸಿ ಹೊಸಬರ ಪ್ರೋಗ್ರಾಮ್ ವಿವರಿಸಿದ. ಒಂದೊಂದು ಸ್ನಾಯುವಿಗೂ ಒಂದೊಂದು ಯಂತ್ರ.

"ಮಂಗಳವಾರ ಕಾಲು, ಗುರುವಾರ ಬೆನ್ನು, ಶನಿವಾರ ಭುಜ," ಅಂದ.

"ಶುಕ್ರವಾರ ನನ್ನ ಗಂಡ ಬಿದ್ರೆ?" ಎಂದು ದೋನ್ಕಾ ಕೇಳಿದಳು.

ನಾನು ನಕ್ಕುಬಿಟ್ಟೆ. ಅವಳು ತಮಾಷೆಗೆ ಕೇಳಿರಲಿಲ್ಲ. ಕಾಲು, ಬೆನ್ನು, ಕೈ ಎಲ್ಲ ಒಂದೇ ಹೊತ್ತಿಗೆ ಒಟ್ಟಿಗೆ ಬೇಕಿತ್ತು ಅವಳಿಗೆ.

ಉಳಿದವನು ಮೆತೊಡಿ. ನಮ್ಮ ಪಕ್ಕದ ಕಟ್ಟಡದವನು, ಕ್ರೀಡಾಶಾಲೆಯಲ್ಲಿ ಭಾರ ಎತ್ತುವವರ ಗುರುವಾಗಿದ್ದ. ಅವನ ಹುಡುಗರು ಪದಕ ಗೆದ್ದು ಬಂದಾಗ ಚೌಕದಲ್ಲಿ ಬ್ಯಾಂಡು ಬಾರಿಸಿದ್ದು ನನಗೆ ನೆನಪಿದೆ. ಈಗ ಶಾಲೆಯಿಂದ ನಿವೃತ್ತಿಯಾಗಿ, ಬೆಂಚಿನ ಮೇಲೆ ಕೂತು ಚದುರಂಗದಲ್ಲಿ ಮೋಸ ಮಾಡುವುದೇ ಕೆಲಸ. ಅವನೂ ರಾಷ್ಕೊನೂ ಹಳೆಯ ದೋಸ್ತರು.

"ನಾನಿರುವಾಗ ಕನ್ನಡಿ ಅಂಗಡಿಗೆ ಯಾಕೆ ಹೋದೆ?" ಎಂದು ದೋನ್ಕಾಳಿಗೆ ಬೈದ. "ನಮ್ಮ ಪದ್ಧತಿ ಒಂದೇ. ದಿನಾ ಎತ್ತು. ಎತ್ತೋಕೆ ಎಷ್ಟಾಗುತ್ತೋ ಅಷ್ಟೂ ಎತ್ತು. ನಾಳೆ ಮತ್ತೆ. ಜಗತ್ತೇ ನಮ್ಮ ಮುಂದೆ ಟೋಪಿ ತೆಗೀತು ಇದಕ್ಕೆ!"

ಅವಳು ಅದನ್ನೇ ಆರಿಸಿಕೊಂಡಳು. ನಾನೂ ಹೂಂಗುಟ್ಟಿದೆ. ಜಗತ್ತೇ ಟೋಪಿ ತೆಗೆದ ಮೇಲೆ ನಮ್ಮದೇನು? ಮೆತೊಡಿ ನೆಲಮಾಳಿಗೆಯಿಂದ ಭಾರ ಎತ್ತುವ ತುಕ್ಕು ಹಿಡಿದ ಸರಳು, ಕಬ್ಬಿಣದ ಬಿಲ್ಲೆ ತಂದು ಅವಳ ಅಡುಗೆಮನೆಯಲ್ಲಿ ಹಾಕಿದ. "ಹೋಪ್!" ಎಂದು ಕೂಗುತ್ತಿದ್ದ, ಅವಳು ಹಲ್ಲು ಕಚ್ಚಿ ಎತ್ತುತ್ತಿದ್ದಳು. ನಿನ್ನೆಗಿಂತ ಇಂದು ಹೆಚ್ಚು, ಇಂದಿಗಿಂತ ನಾಳೆ ಹೆಚ್ಚು. ನನ್ನ ಸೂರಿನ ಸುಣ್ಣ ಉದುರಿತು. ವಾರ ಕಳೆಯುವುದರೊಳಗೆ ದೋನ್ಕಾಳ ಸೊಂಟ ಹಿಡಿದುಕೊಂಡಿತು. ಬಗ್ಗಿದವಳು ಬಗ್ಗಿದ ಹಾಗೇ ಉಳಿದಳು. ನಾನು ಹೋಗಿ ಅವಳನ್ನು ಗಂಡನ ಪಕ್ಕದಲ್ಲೇ ಮಲಗಿಸಿದೆ.

ರಾಷ್ಕೊ ತಲೆ ಹೊರಳಿಸಿ ಹೆಂಡತಿಯನ್ನು ನೋಡಿದ. ಎಷ್ಟೋ ದಿನಗಳ ಮೇಲೆ ಅವನ ಬಾಯಿಯ ಒಂದು ಬದಿ ನಕ್ಕಿತು.

"ಈಗ... ಇಬ್ರನ್ನೂ ಎತ್ತೋಕೆ... ಯಾರನ್ನ ಕರೀತೀಯ?" ಅಂದ.

ಅವಳೂ ನಕ್ಕಳು. ನಗುವಾಗ ಸೊಂಟ ನೋಯುತ್ತಿತ್ತು, ಆದರೂ ನಕ್ಕಳು.

ಸುದ್ದಿ ಕೇಳಿ ಮೆತೊಡಿ ಒಂದು ಬಾಟಲಿ ರಾಕಿಯಾ ಸಾರಾಯಿ ಹಿಡಿದು ಬಂದ. ಸೊಂಟಕ್ಕೆ ಹಚ್ಚಲು ಎಂದ, ಅರ್ಧ ಅವನೇ ಕುಡಿದ. ನಾನು ಅವನಿಗೆ ಚೆನ್ನಾಗಿ ಉಗಿದೆ. ಯಾವತ್ತೂ ತಿರುಗಿ ಬೀಳುವ ಮನುಷ್ಯ ಅಂದು ತಲೆ ತಗ್ಗಿಸಿ ಕೂತಿದ್ದ.

"ನನಗೆ ರಾತ್ರಿಯಿಡೀ ಅದೇ ಯೋಚನೆ ನೆವೆನಾ," ಅಂದ. "ನನ್ನ ಹತ್ರ ಬರ್ತಿದ್ದ ಹುಡುಗ್ರನ್ನ ಊರೂರು ಸೋಸಿ ಆರಿಸಿ ಕಳಿಸ್ತಿದ್ರು. ಹುಲಿಮರಿಗಳು. ಅವರಿಗೆ ನಾನು ಮೇಲಿನ ಮೆಟ್ಟಿಲು ತೋರಿಸಿದೆ ಅಷ್ಟೇ. ಮೊದಲನೇ ಮೆಟ್ಟಿಲು ಹೇಗೆ ಹತ್ತಿಸೋದು ಅಂತ... ದೇವರಾಣೆ ನನಗೆ ಗೊತ್ತಿಲ್ಲ. ನಾನು ಯಾವತ್ತೂ ಹೊಸಬರಿಗೆ ಕಲಿಸೇ ಇಲ್ಲ."

"ಹಾಗಾದ್ರೆ ನೀವೂ ಹೊಸಬರೇ ಮೆತೊಡಿಯಣ್ಣ," ಎಂದು ಒಳಗಿನಿಂದ ದೋನ್ಕಾ ಕೂಗಿದಳು. "ಒಟ್ಟಿಗೆ ಕಲಿಯೋಣ ಬನ್ನಿ."

ಸೊಂಟ ಸರಿಹೋದ ಮೇಲೆ ಮತ್ತೆ ಶುರುವಾಯಿತು, ಬೇರೆ ರೀತಿಯಲ್ಲಿ. ಮೆತೊಡಿ ಸರಳು, ಬಿಲ್ಲೆಗಳನ್ನು ವಾಪಸು ನೆಲಮಾಳಿಗೆಗೆ ಹಾಕಿದ. ಅಡುಗೆಮನೆಯ ಕುರ್ಚಿ ತೋರಿಸಿ, "ಕೂತ್ಕೋ. ಈಗ ಏಳು," ಅಂದ. ದೋನ್ಕಾ ಮೇಜಿಗೆ ಕೈಯೂರಿ ಎದ್ದಳು.

"ಕೈ ಬಿಟ್ಟು."

ಕೈ ಬಿಟ್ಟು ಎರಡು ಸಲ ಎದ್ದಳು, ಮೂರನೆಯ ಸಲ ಆಗಲಿಲ್ಲ. ಮೆತೊಡಿ ಹಿಗ್ಗಿದ. "ಸಿಕ್ತು! ನಮ್ಮ ಮೊದಲನೇ ಮೆಟ್ಟಿಲು ಇಲ್ಲಿದೆ!"

ಅವರ ಪ್ರೋಗ್ರಾಮ್ ಇಷ್ಟೇ. ಕುರ್ಚಿಯಿಂದ ಕೈಯೂರದೆ ಏಳುವುದು. ನೆಲದ ಮೇಲಿನ ಚೀಲವನ್ನು ಬೆನ್ನು ಬಗ್ಗಿಸದೆ, ಮಂಡಿ ಮಡಿಸಿ ಎತ್ತುವುದು. ಅದೇ ಚೀಲ ಹಿಡಿದು ಮೆಟ್ಟಿಲು ಹತ್ತುವುದು. ಚೀಲದೊಳಗೆ ಹೋದ ವರ್ಷದ ಪೀಚ್ ಹಣ್ಣಿನ ಸೀಸೆಗಳು. ನಮ್ಮಲ್ಲಿ ಯಾರ ನೆಲಮಾಳಿಗೆಯಲ್ಲಿ ಆ ಸೀಸೆಗಳಿಗೆ ಬರವಿದೆ? ಎತ್ತಿದ್ದು ಹಗುರ ಅನ್ನಿಸಿದಾಗ ಮಾತ್ರ ಒಂದು ಸೀಸೆ ಹೆಚ್ಚಿಗೆ. ಉಸಿರು ಕಟ್ಟಿದರೆ, ಬೆನ್ನು ಬಾಗಿದರೆ ಹೆಚ್ಚಿಗೆ ಇಲ್ಲ. ಒಂದು ದಿನ ಮಾಡಿದರೆ ಮಾರನೆಯ ದಿನ ಪೂರ್ತಿ ವಿಶ್ರಾಂತಿ.

ಆ ವಿಶ್ರಾಂತಿಯೇ ಅವಳಿಗೆ ಹೊರಲಾರದ ಭಾರ. ಗಿರಣಿಯ ಹೆಣ್ಣು ಸುಮ್ಮನೆ ಕೂತು ಗೊತ್ತಿಲ್ಲ. ಒಂದು ದಿನ ಕದ್ದು ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದವಳನ್ನು ನಾನೇ ಹಿಡಿದೆ.

"ಏಯ್, ಇವತ್ತು ರಜಾ ಅಲ್ವಾ ನಿನಗೆ?"

"ಚಳಿಗಾಲ ನನಗೋಸ್ಕರ ರಜಾ ಹಾಕುತ್ತೇನೇ?" ಅಂದಳು. ದನಿ ನಡುಗುತ್ತಿತ್ತು. ನಾನು ಚೀಲ ಕಿತ್ತುಕೊಂಡು ಒಳಗೆ ಕರೆದೊಯ್ದು ಕಾಫಿ ಮಾಡಿಕೊಟ್ಟೆ. ಅವಳಿಗಿದ್ದ ಹೆದರಿಕೆ ಎಷ್ಟೆಂದು ನನಗೆ ಅವತ್ತೇ ತಿಳಿದದ್ದು.

ಬೇಸಿಗೆ ಹೀಗೇ ಕಳೆಯಿತು. ಸಂಜೆಯಾದರೆ ಮೇಲಿನಿಂದ "ಹೋಪ್!" ಎಂಬ ಕೂಗು, ಅದರ ಹಿಂದೆಯೇ ಕಿರ್ರ್ ಎಂಬ ಸದ್ದು. ಚೀಲದ ಭಾರಕ್ಕೆ ಇಡೀ ನೆಲ ಅದುರಿ ರಾಷ್ಕೊನ ಮಂಚ ಕಿರುಗುಟ್ಟುತ್ತದೆ ಅಂದುಕೊಂಡೆ. ತಡೆಯಲಾರದೆ ಸ್ಪ್ಯಾನರ್ ಹಿಡಿದು ಹೋಗಿ ನೋಡಿದರೆ, ಕಾಲ್ದೆಸೆಯ ಹಲಗೆಯ ಬೋಲ್ಟುಗಳು ಸಡಿಲ. ಬಿಗಿ ಮಾಡಿದೆ. ಕೆಲವು ವಾರಕ್ಕೆ ಮತ್ತೆ ಸಡಿಲ.

"ಎಂಥಾ ದರಿದ್ರ ಮಂಚವೋ ಇದು," ಎಂದು ಗೊಣಗಿದೆ.

"ವಯಸ್ಸಾಯ್ತು ಅದಕ್ಕೆ," ಎಂದ ರಾಷ್ಕೊ. ಮುಖ ಗೋಡೆಯ ಕಡೆಗಿತ್ತು.

ಬೇಸಿಗೆಯ ಕೊನೆಗೆ ಮೆತೊಡಿ ಹೊಸ ಪಾಠ ತೆಗೆದ. ಊರಿಗೆ ಬರುವ ವ್ಯಾಯಾಮ ಚಿಕಿತ್ಸೆಯ ಹುಡುಗಿಯನ್ನು ಕೇಳಿ ಕಲಿತು ಬಂದಿದ್ದ. ರೋಗಿಯ ಸೊಂಟಕ್ಕೆ ಅಗಲ ಬೆಲ್ಟು ಕಟ್ಟಬೇಕು, ಅವನ ಮಂಡಿಗೆ ತನ್ನ ಮಂಡಿ ಒತ್ತಬೇಕು, ಬೆಲ್ಟು ಹಿಡಿದು ಹಿಂದಕ್ಕೆ ಮುಂದಕ್ಕೆ ತೂಗಿ ಎಬ್ಬಿಸಿ, ತಿರುಗಿಸಿ, ಕುರ್ಚಿಗೆ ಇಳಿಸಬೇಕು. ರೋಗಿಯ ಪಾತ್ರ ಮೆತೊಡಿಯದೇ. ಹೆಣದ ಹಾಗೆ ಮೈ ಬಿಟ್ಟು ಕೂರುತ್ತಿದ್ದ, ಒಂದಿಷ್ಟೂ ಸಹಾಯ ಮಾಡುತ್ತಿರಲಿಲ್ಲ. ದೋನ್ಕಾ ಏದುಸಿರು ಬಿಡುತ್ತಾ ಅವನನ್ನು ಅಪ್ಪಿ ಎತ್ತುವಳು.

ತೆರೆದ ಬಾಗಿಲಿನಾಚೆಯಿಂದ ಮಾತು ಬಂತು. "ನೆವೆನಾ... ನೀನೇ ಸಾಕ್ಷಿ. ನನ್ನ ಅಡುಗೆಮನೇಲಿ... ನನ್ನ ಹೆಂಡ್ತಿ... ಆ ಬೋಳನ್ನ ತಬ್ಕೊಂಡಿದಾಳೆ."

"ಹೊಟ್ಟೆಕಿಚ್ಚಿದ್ರೆ ಎದ್ದು ಬಾರೋ!" ಎಂದ ಮೆತೊಡಿ.

ಮೊದಲಾದರೆ ಇಂಥ ಮಾತಿಗೆ ರಾಷ್ಕೊ ಮೌನವಾಗುತ್ತಿದ್ದ. ಈ ಸಲ, "ಬರ್ತೀನಿ ತಾಳು," ಅಂದ. ನಾವು ಅದನ್ನು ಹಾಸ್ಯವೆಂದೇ ತಿಳಿದೆವು.

ಸೆಪ್ಟೆಂಬರ್ ಬಂತು. ಎಲ್ಲರ ಬಾಲ್ಕನಿಯಲ್ಲೂ ಚಳಿಗಾಲಕ್ಕೆ ಕೂಡಿಡಲು ದಪ್ಪ ಕೆಂಪು ಮೆಣಸಿನಕಾಯಿ ಸುಡುವ ವಾಸನೆ. ಹೋದ ವರ್ಷದವರೆಗೆ ಆ ಕೆಲಸದಲ್ಲಿ ರಾಷ್ಕೊನದೇ ರಾಜ್ಯ. ಮುಚ್ಚಳವಿರುವ ಕೊಳಗದಂಥ ಕರೆಂಟಿನ ಒಲೆ ಮುಂದಿಟ್ಟುಕೊಂಡು, ಬನಿಯನ್ನಿನಲ್ಲಿ ಕೂತು, ಕೆಳಗೆ ಹೋಗುವವರನ್ನೆಲ್ಲ ಮೇಲಿನಿಂದ ಛೇಡಿಸುತ್ತಿದ್ದ. ದೋನ್ಕಾ ಒಂದು ಮೂಟೆ ಮೆಣಸಿನಕಾಯಿ ತಂದಳು. ತಾನೇ ಹೊತ್ತು ಮಹಡಿ ಹತ್ತಿದ್ದಳು, ದಾರಿಯಲ್ಲಿ ಎಲ್ಲೂ ಇಳಿಸಿರಲಿಲ್ಲ. ಬಾಲ್ಕನಿಯಲ್ಲಿ ಒಲೆ ಇಟ್ಟಳು. ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದಳು.

"ಇವತ್ತು," ಅಂದಳು ನನಗೂ ಮೆತೊಡಿಗೂ. "ನೀವಿಬ್ರೂ ಬಾಗಿಲಲ್ಲೇ ನಿಲ್ಲಿ. ಬಿದ್ರೂ ಮುಟ್ಬೇಡಿ, ನಾನು ಕರೆಯೋವರ್ಗೂ."

ಗಂಡನನ್ನು ಅಂಚಿನಲ್ಲಿ ಕೂರಿಸಿ ಬೆಲ್ಟು ಕಟ್ಟಿದಳು. ಅವನ ಹಣೆಯಲ್ಲಿ ಬೆವರು. ಇದು ಆಗದಿದ್ದರೆ ಅವನು ಇನ್ನು ಗೋಡೆಯ ಕಡೆಯಿಂದ ತಿರುಗುವುದಿಲ್ಲ ಎಂದು ನಮಗೆ ಮೂವರಿಗೂ ಗೊತ್ತಿತ್ತು. ನಾನು ಮೆತೊಡಿಯ ತೋಳನ್ನು ಎಷ್ಟು ಗಟ್ಟಿ ಹಿಡಿದಿದ್ದೆನೆಂದರೆ ಆಮೇಲೆ ಅಲ್ಲಿ ನೀಲಿಗಟ್ಟಿತು. ದೋನ್ಕಾ ಮಂಡಿಗೆ ಮಂಡಿ ಕೊಟ್ಟು, ಒಮ್ಮೆ ತೂಗಿದಳು, ಎರಡನೆಯ ಸಲ ತೂಗಿದಳು.

ಮೆತೊಡಿಗೆ ತಡೆಯಲಾಗಲಿಲ್ಲ. "ಹೋಪ್!" ಎಂದು ಅರಚಿದ.

ರಾಷ್ಕೊ ಎದ್ದ ರಭಸಕ್ಕೆ ದೋನ್ಕಾ ಹಿಂದಕ್ಕೆ ಜೋಲಿ ಹೊಡೆದಳು. ಹೆಣಭಾರ ಎತ್ತಲು ತಯಾರಾಗಿದ್ದವಳಿಗೆ ಅದು ಇಷ್ಟು ಹಗುರಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಕಾಲು ಅಗಲಿಸಿ ಹೇಗೋ ಸಾವರಿಸಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿ ನಿಂತಿದ್ದರು. ಅವನು ಎಡಗಾಲ ಮೇಲೆ ನಿಂತಿದ್ದ, ಮಂಡಿ ನೆಟ್ಟಗಿತ್ತು.

"ನೀನು... ನೀನೇ ಎದ್ಯಾ?" ಅವಳು ಕೇಳಿದಳು.

"ಹೋಪ್ ಅಂದ್ನಲ್ಲ ಅವನು," ಎಂದ ರಾಷ್ಕೊ.

ನಾನು ಮಂಚ ನೋಡಿದೆ. ಕಾಲ್ದೆಸೆಯ ಹಲಗೆಯಲ್ಲಿ ಎಡಗಡೆ ಬಣ್ಣ ಪೂರ್ತಿ ಸವೆದು ಬಿಳಿ ಮರ ಕಾಣುತ್ತಿತ್ತು, ಒಂದು ಹಿಮ್ಮಡಿಯಷ್ಟಗಲ. ಇಡೀ ಬೇಸಿಗೆ, ಆಚೆ ಅಡುಗೆಮನೆಯಲ್ಲಿ ಮೆತೊಡಿ ಕೂಗಿದಾಗಲೆಲ್ಲ, ಈಚೆ ಇವನು ಗೋಡೆಗೆ ಮುಖ ಮಾಡಿ ಆ ಹಲಗೆಯನ್ನು ಒದ್ದು ಒದ್ದು ಕಾಲು ಬಲಿಸಿಕೊಂಡಿದ್ದ. ನಾನು ಬಿಗಿ ಮಾಡಿದ ಬೋಲ್ಟುಗಳನ್ನು ಇವನು ಸಡಿಲ ಮಾಡುತ್ತಾ ಬಂದಿದ್ದ.

"ನನಗ್ಯಾಕೋ ಹೇಳ್ಲಿಲ್ಲ ನೀನು?" ದೋನ್ಕಾ ಅವನ ಎದೆಗೆ ಹಣೆ ಒತ್ತಿ ಅಳುತ್ತಿದ್ದಳು.

"ಆಗದೇ ಹೋದ್ರೆ... ನಿನಗೆ ಎರಡು ದುಃಖ ಆಗ್ತಿತ್ತು," ಅಂದ.

ನನಗೂ ಅಳು ಬಂತು, ಮುಚ್ಚಿಡುವುದೇಕೆ? ಮೆತೊಡಿ ಕನ್ನಡಕ ಒರೆಸುವ ನೆಪ ಮಾಡುತ್ತಾ ಗೋಡೆ ನೋಡಿದ. ದೋನ್ಕಾ ಗಂಡನನ್ನು ಮೆಲ್ಲಗೆ ತಿರುಗಿಸಿ ಕುರ್ಚಿಗೆ ಇಳಿಸಿದಳು. ಕುರ್ಚಿಯನ್ನು ಬಾಲ್ಕನಿಗೆ ತಳ್ಳುವಾಗ ಮಾತ್ರ ನಮ್ಮನ್ನು ಕರೆದಳು.

ಕೆಳಗೆ ಅಂಗಳದಲ್ಲಿ ಕೊಳಾಯಿ ರಿಪೇರಿಯ ಅಪ್ಪ-ಮಗ ತಮ್ಮ ವ್ಯಾನಿನಿಂದ ಸಾಮಾನು ಇಳಿಸುತ್ತಿದ್ದರು. ಮೇಲೆ ನೋಡಿದ ಮಗ ಕೈಯಲ್ಲಿದ್ದ ಪೈಪು ಬಿಟ್ಟು, "ರಾಷ್ಕೊ ಮಾಮ! ಯಾರು ಎತ್ತಿದ್ರು ನಿಮ್ಮನ್ನ?" ಎಂದು ಕೂಗಿದ.

ರಾಷ್ಕೊನ ಗಂಟಲು ಅಷ್ಟು ದೂರ ಹೋಗುತ್ತಿರಲಿಲ್ಲ. ನನ್ನ ಕಡೆ ತಿರುಗಿ, "ಹೇಳೇ ಅವನಿಗೆ," ಅಂದ. "ಮೂಟೆಗೆ ಕಾಲು ಬಂದಿದೆ ಅಂತ."

ನಾನು ಬಾಲ್ಕನಿಯ ಕಟಕಟೆಯಿಂದ ಬಗ್ಗಿ ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳಿದೆ. ಅಷ್ಟರಲ್ಲಿ ರಾಷ್ಕೊ ಎಡಗೈಯಿಂದ ಮೊದಲ ಮೆಣಸಿನಕಾಯಿಯನ್ನು ಒಲೆಯೊಳಗೆ ಇಳಿಸಿ ಮುಚ್ಚಳ ಹಾಕಿದ್ದ.