ದ್ವೇಷದ ಖಾಯಂ ಗಿರಾಕಿ

ನಂಜನಗೂಡಿನ ನಿವೃತ್ತ ಮೇಷ್ಟ್ರು ಸಣ್ಣಯ್ಯನವರು ಬುದ್ಧನ ಪಟಕ್ಕೆ ಕೈಮುಗಿದು ಕತ್ತರಿ ಹಿಡಿದು ಕೂತರೆಂದರೆ ಹೆಂಡತಿ ಮುತ್ತಮ್ಮ ಅತ್ತ ಸುಳಿಯುತ್ತಿರಲಿಲ್ಲ. ಮೈಸೂರಿನ ಸೌಹಾರ್ದ ಸಮಿತಿಯೊಂದು ಅವರಿಗೆ ಕೆಲಸ ಒಪ್ಪಿಸಿತ್ತು. ಪತ್ರಿಕೆಗಳಲ್ಲಿ ಅಲ್ಪಸಂಖ್ಯಾತರ ಮೇಲೆ ವಿಷ ಕಾರುವ ಬರಹ ಕಂಡರೆ ಕತ್ತರಿಸಿ, ದೂರಿನ ಜತೆ ಕಳಿಸಬೇಕು.

ಈ ಪುಣ್ಯಕಾರ್ಯಕ್ಕೆ ತಿ. ನರಸೀಪುರದ ‘ಸಂಗಮ ಸಿಡಿಲು’ ಪತ್ರಿಕೆಯೊಂದೇ ಸಾಕಿತ್ತು. ಅದು ಹಾಳೆಯ ಎರಡೂ ಮಗ್ಗುಲಲ್ಲಿ ವಿಷ ಅಚ್ಚುಹಾಕುತ್ತಿತ್ತು. ಒಂದು ಕಡೆಯದನ್ನು ಕತ್ತರಿಸಿದರೆ ಇನ್ನೊಂದು ಕಡೆಯದು ತುಂಡಾಗುತ್ತದಲ್ಲ? ಹಾಗಾಗಿ ಸಮಿತಿಗೆ ಎರಡು ಪ್ರತಿ, ತಮ್ಮ ಕಡತಕ್ಕೆ ಎರಡು ಕೊಳ್ಳುತ್ತಿದ್ದರು. ವಿಷವಿಲ್ಲದ ದಿನ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ನಿಂತೇ ತಿರುವಿಹಾಕಿ ವಾಪಸ್ ಇಡುತ್ತಿದ್ದರು. ಮೇಷ್ಟ್ರ ಶಿಸ್ತೆಂದರೆ ಶಿಸ್ತು.

ಒಂದು ದಿನ ಮುಖಪುಟದಲ್ಲಿ ಜಬೀವುಲ್ಲಾನ ಬೇಕರಿಯೇ ಬಂತು. ‘ಈ ಬನ್ನಿನಲ್ಲಿ ಏನಿದೆ?’ ಎಂದು ದಪ್ಪಕ್ಷರ. ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ಟರೆ ಸುಳ್ಳಿಗೂ ಮಡಿ ಬಂದುಬಿಡುತ್ತದೆ. ಕವಲಂದೆಯಿಂದ ಬಂದು ಬಸ್ ಸ್ಟ್ಯಾಂಡಿನ ಎದುರೇ ಅಂಗಡಿ ಹಾಕಿದ್ದ ಜಬೀವುಲ್ಲಾ ಮೇಷ್ಟ್ರ ಹಳೇ ಶಿಷ್ಯ. ಅವನ ಬನ್ನು, ಟೀ ಇಲ್ಲದೆ ಅವರಿಗೆ ಬೆಳಗಾಗುತ್ತಿರಲಿಲ್ಲ. ಹುಡುಗನ ಅನ್ನಕ್ಕೇ ಕಲ್ಲು ಹಾಕಿದರಲ್ಲ ಎಂದು ಮರುಗಿದರು. ಊರವರು ಓದಬಾರದೆಂದು ಅಂಗಡಿಯಲ್ಲಿದ್ದ ಇಡೀ ಕಟ್ಟನ್ನೇ ಕೊಂಡು ತಂದು ಬಚ್ಚಲ ಒಲೆಗೆ ಹಾಕಿದರು.

“ಅಲ್ಲ ಕಣ್ರೀ, ವಿಸಾನೆಲ್ಲ ನೀವೇ ದುಡ್ಡು ಕೊಟ್ಟು ತತ್ತಿದ್ರೆ ಮಾರೋನು ನಿಲ್ಲಿಸ್ಬುಟ್ಟಾನಾ?” ಎಂದಳು ಮುತ್ತಮ್ಮ.

“ಸುಮ್ಕಿರು, ನಿಂಗೆ ತಿಳಿಯಕಿಲ್ಲ.”

ಮರುದಿನ ಎರಡು ಕಟ್ಟು ಬಂತು, ಅದರಲ್ಲೂ ಬೇಕರಿಯೇ. ಮೇಷ್ಟ್ರು ಅದನ್ನೂ ಕೊಂಡರು. ಅಷ್ಟರಲ್ಲಿ ಆ ಪುಟದ ಫೋಟೊ ಊರವರ ಮೊಬೈಲುಗಳಲ್ಲೆಲ್ಲ ಓಡಾಡುತ್ತಿತ್ತು. ಮೊಬೈಲು ಬಚ್ಚಲ ಒಲೆಗೆ ಬರುವುದಿಲ್ಲವಲ್ಲ! ದೂರು ಬರೆಯುವ ಭರಾಟೆಯಲ್ಲಿ ಮೇಷ್ಟ್ರಿಗೆ ಆ ವಾರವೆಲ್ಲ ಬೇಕರಿ ಕಡೆ ತಲೆಹಾಕಲೂ ಪುರುಸೊತ್ತಾಗಲಿಲ್ಲ.

ವಾರ ಕಳೆದ ಮೇಲೆ ಪತ್ರಿಕೆಯ ಸಂಪಾದಕ ಪ್ರೇಮ್‌ಕುಮಾರನೇ ಶಾಲು, ಹಾರ ಹಿಡಿದು ಪೇಪರ್ ಅಂಗಡಿಗೆ ಬಂದು ಮೇಷ್ಟ್ರಿಗಾಗಿ ಕಾದಿದ್ದ.

“ಸಾ, ನಂಜನಗೂಡಲ್ಲಿ ನಮ್ ಪೇಪರ್ ಉಳಿದಿರೋದೇ ನಿಮ್ಮಿಂದ! ಬೇರೆ ಸುದ್ದಿ ಹಾಕಿದ್ರೆ ಮುಟ್ಟೋರಿಲ್ಲ, ಇಂಥದ್ದು ಹಾಕಿದ್ರೆ ಕಟ್ಟೇ ಖಾಲಿ!”

“ನಾನು ಕೊಳ್ಳೋದು ನಿಮ್ ಮೇಲೆ ದೂರು ಕೊಡಕ್ಕೆ ಕಣ್ರೀ!”

“ಯಾತಕ್ಕಾರ ಕೊಳ್ಳಿ ಸಾ, ಕೊಳ್ತೀರಲ್ಲ,” ಎಂದವನು ಶಾಲು ಹೊದಿಸಿ ಫೋಟೊ ತೆಗೆಸಿಯೇಬಿಟ್ಟ.

ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೆ ಎನ್ನಿಸಿತು. ಶಾಲು ಕಿತ್ತೆಸೆದು, ರಸ್ತೆ ದಾಟಿ ಬೇಕರಿಗೆ ಹೋದರು. ನಾಚಿಕೆಯಿಂದ ಜಬೀವುಲ್ಲಾನ ಮುಖ ನೋಡಲಾಗಲಿಲ್ಲ.

“ಒಂದು ಬನ್ ಕೊಡಪ್ಪ. ಇಲ್ಲೇ, ರಸ್ತೆಗೆ ಕಾಣೋ ಹಂಗೆ ಕೂತು ತಿಂತೀನಿ.”

ಜಬೀವುಲ್ಲಾ ಬೆಂಚು ಒರೆಸಿದ. “ಕೂತ್ಕಳಿ ಸಾ, ಟೀ ಕೊಡ್ತೀನಿ. ಬನ್ ಇಲ್ಲ. ಪೇಪರ್‌ನಲ್ಲಿ ಬಂದ್ ಮೇಲೂ ಅರ್ಧಕ್ಕರ್ಧ ಜನ ಬತ್ತಾನೇ ಇದ್ರು. ಆಮೇಲೆ, ‘ಮೇಷ್ಟ್ರೇ ಬರೋದು ಬುಟ್ಟವ್ರೆ, ಏನೋ ಇದ್ದೇ ಇರಬೇಕು’ ಅಂತ ಅವ್ರೂ ಬುಟ್ಬುಟ್ರು. ಭಟ್ಟಿ ಆರಿಸ್ಬುಟ್ಟೆ ಸಾ.”